ಹಿತ್ತಲ ಬಾಗಿಲಿನ ಸಾಕ್ಷಿ

ಮನೆಗೆ ಯಾರಾದರೂ ಹಣ್ಣು ಹಿಡಿದುಕೊಂಡು ಬಂದರೆ ನಾನು ಮೊದಲು ಹಣ್ಣನ್ನೂ ನೋಡುವುದಿಲ್ಲ, ಮುಖವನ್ನೂ ನೋಡುವುದಿಲ್ಲ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತೇನೆ. ಧೂಳು ಹತ್ತಿದ್ದರೆ ನಡೆದು ಬಂದವರು, ಏನೋ ಕಷ್ಟ ಇರಬಹುದು. ಹೊಳೆಯುತ್ತಿದ್ದರೆ ಕಾರಿನಲ್ಲಿ ಬಂದವರು, ನನ್ನಿಂದ ಏನೋ ಆಗಬೇಕಾಗಿದೆ. ಮೂವತ್ತು ವರ್ಷಕ್ಕೂ ಮೀರಿ ನಾನು ಶಿವಮೊಗ್ಗದ ಕೋರ್ಟಿನಲ್ಲಿ ಲಾಕಪ್ಪಿನಲ್ಲಿ ಏಟು ತಿಂದವರಿಗೆ, ಜೀತಕ್ಕಿದ್ದವರಿಗೆ, ಗುಡಿಸಲು ಕಳೆದುಕೊಂಡವರಿಗೆ ವಕಾಲತ್ತು ಹಾಕಿದ್ದೇನೆ. ಜನ ನನ್ನನ್ನು ಮಾನವ ಹಕ್ಕಿನ ಲಾಯರಮ್ಮ ಎನ್ನುತ್ತಾರೆ. ನನ್ನ ಜೂನಿಯರ್‌ಗಳು ಬೆನ್ನ ಹಿಂದೆ ಅನುಮಾನದಮ್ಮ ಎನ್ನುತ್ತಾರಂತೆ. ಎರಡನೆಯ ಹೆಸರೇ ನನಗೆ ಹೆಚ್ಚು ಒಪ್ಪುತ್ತದೆ. ಯಾರ ಪರವಾಗಿ ನಿಂತಿದ್ದೇನೋ ಅವರ ಮಾತನ್ನೂ ನಾನು ಒಂದೇ ಸಲಕ್ಕೆ ನಂಬಿದವಳಲ್ಲ. ಈ ಗುಣ ಕಾನೂನು ಕಾಲೇಜಿನಲ್ಲಿ ಬಂದದ್ದಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ನಮ್ಮ ಮನೆಯಲ್ಲಿ ಅದನ್ನು ದಿನವೂ ಸಾರಿನ ಜೊತೆಗೇ ಬಡಿಸುತ್ತಿದ್ದರು.

ಒಂದರ ಹಿಂದೊಂದು ಮೂರು ಕೋಣೆ ಇದ್ದ ಉದ್ದನೆಯ ಮನೆ ಅದು. ಬೀದಿಗೆ ಮುಖ ಮಾಡಿದ ಜಗಲಿ, ಆಮೇಲೆ ನಡುಮನೆ, ಆಮೇಲೆ ಅಡುಗೆಮನೆ, ಅದನ್ನು ದಾಟಿದರೆ ಹಿತ್ತಲು. ಹಿತ್ತಲಿಗೆ ಓಣಿಯ ಕಡೆಯಿಂದಲೂ ಒಂದು ಬಾಗಿಲಿತ್ತು. ಎಡಗಡೆಯ ಗೋಡೆ ನಮಗೂ ಬಾಷಾ ಮಾಮನ ಮನೆಗೂ ಸೇರಿದ್ದು. ಮಾಮ ಸುಟ್ಟುಹೋದ ಮೋಟಾರು, ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಕೆಲಸದವರು. ಅವರು ಬಳಿಯುತ್ತಿದ್ದ ವಾರ್ನಿಷಿನ ವಾಸನೆ ನಮ್ಮ ಮನೆಯ ಅನ್ನಕ್ಕೂ ಹತ್ತುತ್ತಿತ್ತು. ನೆಂಟರು ಮೂಗು ಮುರಿಯುತ್ತಿದ್ದರು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹಿತ್ತಲಲ್ಲಿ ಆ ಗೋಡೆಯ ಎರಡು ಇಟ್ಟಿಗೆ ಬಿದ್ದುಹೋಗಿ ಒಂದು ಕಿಂಡಿಯಾಗಿತ್ತು. ನಮ್ಮ ಕಡೆಯಿಂದ ಒಬ್ಬಟ್ಟಿನ ಸಾರು, ಆ ಕಡೆಯಿಂದ ಹಬ್ಬದ ಶಾವಿಗೆ ಪಾಯಸ, ಅವರ ಸುರ್‌ಕುಂಬಾ, ಆ ಕಿಂಡಿಯಲ್ಲೇ ಓಡಾಡುತ್ತಿದ್ದವು. ಪಾತ್ರೆ ಯಾವತ್ತೂ ಬರಿದಾಗಿ ವಾಪಸು ಬಂದದ್ದಿಲ್ಲ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು.

ಅಪ್ಪ ನಂಜಪ್ಪ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಮೊದಲನೇ ಶಿಫ್ಟು ಮುಗಿಸಿ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದು, ನಾಲ್ಕು ಗಂಟೆಗೆ ಜಗಲಿಯ ಬೆಂಚಿನ ಮೇಲೆ ಅರ್ಜಿ ಬರೆಯಲು ಕೂರುತ್ತಿದ್ದರು. ಅವರ ಅಕ್ಷರ ದುಂಡಗಿತ್ತು, ಕಚೇರಿಯ ಭಾಷೆ ಗೊತ್ತಿತ್ತು. ಗುತ್ತಿಗೆ ಕೆಲಸದವರು, ತಮಿಳಿನವರು, ತೆಲುಗಿನವರು, ಬಯಲುಸೀಮೆಯಿಂದ ಬಂದವರು, ಎಲ್ಲರೂ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಅಪ್ಪ ಒಂದು ದೊಡ್ಡ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಪೆನ್ನು ಮಾತ್ರ ಅವತ್ತು ಮುಟ್ಟುತ್ತಿರಲಿಲ್ಲ. ಅರ್ಜಿದಾರನಿಗೆ ನಾಳೆ ಹೆಂಡತಿಯನ್ನೋ ತಾಯಿಯನ್ನೋ ಹಿತ್ತಲ ಕಡೆಗೆ ಕಳಿಸು ಎಂದು ಹೇಳುತ್ತಿದ್ದರು. ಪೆನ್ಸಿಲ್ ಅಪ್ಪನದು, ಪೆನ್ನಿಗೆ ಅಪ್ಪಣೆ ಅಮ್ಮನದು.

ಮಾರನೆಯ ದಿನ ಆ ಹೆಂಗಸು ಓಣಿಯ ಬಾಗಿಲಿನಿಂದ ಬರುತ್ತಿದ್ದಳು. ಅಮ್ಮ ಅವಳನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ತಾನು ಹುರುಳಿ ಆರಿಸುತ್ತಲೋ ಸೊಪ್ಪು ಬಿಡಿಸುತ್ತಲೋ ಮಾತಿಗೆಳೆಯುತ್ತಿದ್ದಳು. ಪ್ರಶ್ನೆ ಕೇಳುತ್ತಿದ್ದಾಳೆ ಎಂದು ಎದುರಿಗಿದ್ದವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಅವತ್ತು ಏನು ಅಡುಗೆ ಮಾಡಿದ್ದೆ, ಗಂಡ ಎಷ್ಟು ಹೊತ್ತಿಗೆ ಬಂದ, ಅಂಗಿ ಯಾವುದು ಹಾಕಿದ್ದ, ಹೀಗೆ. ಒಬ್ಬನನ್ನು ಕೂಲಿ ಕೇಳಿದ್ದಕ್ಕೇ ಮೇಸ್ತ್ರಿ ಕೆಲಸದಿಂದ ತೆಗೆದ ಎಂದು ಜಗಲಿಯಲ್ಲಿ ಬರೆಸಿದ್ದರೆ, ಕೂಲಿ ಕೇಳುವ ಮೊದಲು ಅವನು ಮೇಸ್ತ್ರಿಯ ಮುಖಕ್ಕೆ ಎಲೆ ಅಡಿಕೆ ಉಗಿದಿದ್ದ ಎಂಬುದು ಹಿತ್ತಲಲ್ಲಿ ಹೊರಗೆ ಬರುತ್ತಿತ್ತು. ಸಂಜೆ ಊಟದಲ್ಲಿ ಅಪ್ಪನ ಪೆನ್ಸಿಲಿನ ಕಾಗದಕ್ಕೂ ಅಮ್ಮನ ಮಾತಿಗೂ ತಾಳೆ ನೋಡುವುದು. ಹೊಂದಿದರೆ ಪೆನ್ನು, ಹೊಂದದಿದ್ದರೆ ಅಳಿಸುವ ರಬ್ಬರು. ನಮ್ಮನೆ ಹೈಕೋರ್ಟು ಹಿತ್ತಲಲ್ಲಿದೆ ಎಂದು ಅಪ್ಪ ಬಾಷಾ ಮಾಮನ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ. ಯಾರೂ ಸುಮ್ಮನೆ ಸುಳ್ಳು ಹೇಳುವುದಿಲ್ಲ, ಹಾಗೆಯೇ ಯಾರೂ ಸುಮ್ಮನೆ ನಿಜವನ್ನೂ ಹೇಳುವುದಿಲ್ಲ ಎಂಬುದು ಅವಳ ನಂಬಿಕೆ.

ಈ ವ್ಯವಸ್ಥೆಯಲ್ಲಿ ನನಗೂ ಒಂದು ಕೆಲಸವಿತ್ತು. ಅಪ್ಪನಿಗೆ ಏನಾದರೂ ಅವಸರವಾಗಿ ತಿಳಿಯಬೇಕಾದರೆ ನಾನು ಹಿತ್ತಲಿಂದ ಜಗಲಿಗೆ, ಜಗಲಿಯಿಂದ ಹಿತ್ತಲಿಗೆ ಮಾತು ಸಾಗಿಸುತ್ತಿದ್ದೆ. ಹತ್ತು ಹನ್ನೊಂದು ವರ್ಷದ ಹುಡುಗಿಗೆ ಮಾತಿಗೆ ಸ್ವಲ್ಪ ಒಗ್ಗರಣೆ ಹಾಕಬೇಕೆಂಬ ಆಸೆ ಇದ್ದೇ ಇರುತ್ತದೆ. ಅಮ್ಮ ಅದಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ನೀನು ನೋಡಿದ್ದೋ, ಕೇಳಿದ್ದೋ, ಅಂದ್ಕೊಂಡಿದ್ದೋ?"

ಕೇಳಿದ್ದನ್ನು ನೋಡಿದೆ ಎಂದರೆ ಅವತ್ತು ಮಾತಿಲ್ಲ. ಅಂದುಕೊಂಡದ್ದನ್ನು ನೋಡಿದೆ ಎಂದರೆ ಊಟಕ್ಕೆ ಕರೆಯುತ್ತಿರಲಿಲ್ಲ, ನಾನಾಗಿಯೇ ಹೋಗಿ ತಟ್ಟೆ ಹಾಕಿಕೊಂಡು ಕೂರಬೇಕಿತ್ತು. ಇವತ್ತಿಗೂ ಪಾಟೀ ಸವಾಲಿನಲ್ಲಿ ನಾನು ಸಾಕ್ಷಿಗಳಿಗೆ ಕೇಳುವುದು ಈ ಪ್ರಶ್ನೆಯನ್ನೇ. ಎದುರು ವಕೀಲರಿಗೆ ಅದು ದೊಡ್ಡ ತಂತ್ರದಂತೆ ಕಾಣುತ್ತದೆ.

ನನಗೆ ಹನ್ನೊಂದಾದ ವರ್ಷ ಸೆಲ್ವಿ ಎಂಬ ಹೆಂಗಸು ಹಿತ್ತಲಿಗೆ ಬಂದಳು. ಸೇಲಂ ಕಡೆಯವಳು, ಇಪ್ಪತ್ತೈದೂ ದಾಟಿರಲಿಲ್ಲ. ಅವಳ ಗಂಡ ಒಬ್ಬ ಗುತ್ತಿಗೆದಾರನ ಕೆಳಗೆ ಕಾರ್ಖಾನೆಯ ಗೇಟಿನ ಒಳಗೆ ಲಾರಿಯಿಂದ ಕಬ್ಬಿಣದ ಸಾಮಾನು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದವನು, ಒಂದು ಮಧ್ಯಾಹ್ನ ಊಟವಾದ ಮೇಲೆ ಸಾಮಾನು ಜಾರಿ ಮೈಮೇಲೆ ಬಿದ್ದು ತೀರಿಕೊಂಡಿದ್ದ. ಅವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲ, ಹೊರಗೆ ಎಲ್ಲೋ ಬಿದ್ದು ಸತ್ತಿದ್ದಾನೆ ಎಂದು ಗುತ್ತಿಗೆದಾರ ಹೇಳುತ್ತಿದ್ದ. ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ. ಅಮ್ಮ ಆ ಹುಡುಗಿಯನ್ನು ಮೂರು ದಿನ ಕರೆಸಿಕೊಂಡಳು. ಮೂರನೆಯ ದಿನ, ಅವತ್ತು ಬುತ್ತಿಗೆ ಏನು ಕಟ್ಟಿದ್ದೆ ಎಂದು ಕೇಳಿದಳು. ಸೆಲ್ವಿ ತನ್ನ ಅರ್ಧ ತಮಿಳಿನ ಕನ್ನಡದಲ್ಲಿ ಹೇಳಿದಳು:

"ಪುಳಿ ಸಾದಂ, ಹುಳಿಯನ್ನ ಕಟ್ಟಿದ್ದೆ ಅಕ್ಕಾ. ಡಬ್ಬ ಸಾಯಂಕಾಲ ಜೊತೆಗಾರರು ತಂದು ಕೊಟ್ರು. ತೊಳೆದು ಇಟ್ಟಿದ್ದ, ದಿನಾ ತೊಳೀತಾನೆ ಒಳಗಡೆ ನಲ್ಲೀಲಿ."

ಅಮ್ಮ ಕೈಯಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟಳು. ಕೆಲಸಕ್ಕೇ ಬಾರದವನು ಊಟದ ಹೊತ್ತಿಗೆ ಗೇಟಿನ ಒಳಗೆ ಡಬ್ಬ ತೊಳೆದದ್ದು ಹೇಗೆ, ಅದನ್ನು ತಂದುಕೊಟ್ಟವರು ಯಾರು? ಅಪ್ಪ ಅವತ್ತು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಪೆನ್ನು ತೆಗೆದರು. ಶಿವಮೊಗ್ಗದ ಕಾರ್ಮಿಕ ಅಧಿಕಾರಿಗೆ ಬರೆದ ಆ ಅರ್ಜಿಯಲ್ಲಿ ಡಬ್ಬದ ವಿಚಾರ ನಾಲ್ಕನೇ ಪ್ಯಾರಾದಲ್ಲಿತ್ತು, ಡಬ್ಬ ತಂದುಕೊಟ್ಟ ಕೆಲಸಗಾರನ ಹೆಸರೂ ಇತ್ತು. ಅಪ್ಪ ಗಟ್ಟಿಯಾಗಿ ಓದಿದರು, ಸೆಲ್ವಿ ಹೆಬ್ಬೆಟ್ಟು ಒತ್ತಿದಳು. ಅಮ್ಮನ ಮುಖದಲ್ಲಿ ಅವತ್ತು ಕಂಡ ಹೆಮ್ಮೆಯನ್ನು ನಾನು ಆಮೇಲೆ ಅವಳಲ್ಲಿ ಕಂಡಿಲ್ಲ, ನಾನು ಕರಿಕೋಟು ಹಾಕಿದ ದಿನವೂ ಕಾಣಲಿಲ್ಲ.

ಅರ್ಜಿ ಹೊರಡಬೇಕಿದ್ದ ವಾರವೇ ಪುರಸಭೆಯ ಚುನಾವಣೆ ಗೊತ್ತಾಯಿತು. ನಂಜಪ್ಪನವರು ನಿಲ್ಲಲಿ ಎಂದು ನಾಲ್ಕು ಜನ ಹೇಳಿದರು. ನಾಲ್ಕು ಜನ ನಲವತ್ತಾದರು. ಅಪ್ಪನಿಗೆ ಕೊಡೆಯ ಗುರುತು ಸಿಕ್ಕಿತು. ಎದುರಿಗೆ ನಿಂತವರು ಸೌದೆ ಡಿಪೊ ಪುಟ್ಟಸ್ವಾಮಿ. ಒಂದು ಸಂಜೆ ಜಗಲಿಯಲ್ಲಿ ಹೊಳೆಯುವ ಬೂಟುಗಳು ಕಂಡವು. ಸೆಲ್ವಿಯ ಗಂಡನನ್ನು ಕೆಲಸಕ್ಕಿಟ್ಟುಕೊಂಡಿದ್ದ ಆ ಗುತ್ತಿಗೆದಾರನೇ ಸೇಬಿನ ಬುಟ್ಟಿ ಹಿಡಿದು ಬಂದಿದ್ದ. ಅರ್ಜಿಯ ಮಾತನ್ನು ಅವನು ಎತ್ತಲೇ ಇಲ್ಲ. ಪ್ರಚಾರಕ್ಕೆ ಜೀಪು ಬೇಕಾಗುತ್ತದಲ್ಲ, ಮೈಕು ಬೇಕಾಗುತ್ತದಲ್ಲ ಎಂದಷ್ಟೇ ಹೇಳಿ ಕಾಫಿ ಕುಡಿದು ಹೋದ. ಸೇಬನ್ನು ಅಮ್ಮ ಮುಟ್ಟಲಿಲ್ಲ, ನಮಗೂ ಮುಟ್ಟಲು ಬಿಡಲಿಲ್ಲ. ನಡುಮನೆಯಲ್ಲಿ ಅದು ಕೊಳೆತು ವಾಸನೆ ಬರುವವರೆಗೂ ಇತ್ತು. ಜೀಪು ಮಾತ್ರ ಮಾರನೆಯ ದಿನವೇ ಬಂತು. ಅಮ್ಮ ಊಟದಲ್ಲಿ ಎರಡು ಸಲ ಅರ್ಜಿಯ ವಿಚಾರ ಕೇಳಿದಳು. ಎರಡನೆಯ ಸಲ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಉತ್ತರ ಕೊಟ್ಟರು.

"ಈಗ ಕಳಿಸಿದ್ರೆ ವೋಟಿಗೋಸ್ಕರ ಹೆಣ ಎತ್ಕೊಂಡ ಅಂತಾರೆ ಕಣೇ. ಗೆದ್ದು ಕೌನ್ಸಿಲರ್ ಆಗಿ ಸೀಲು ಹಾಕಿ ಕಳಿಸ್ತೀನಿ. ಆಗ ಅದರ ತೂಕಾನೇ ಬೇರೆ."

ಕಾರಣ ಸರಿಯಾಗಿಯೇ ಇತ್ತು. ಇಂಥ ಕಾರಣಗಳು ಯಾವಾಗಲೂ ಸರಿಯಾಗಿಯೇ ಇರುತ್ತವೆ. ಅಮ್ಮ ಮತ್ತೆ ಕೇಳಲಿಲ್ಲ. ಅರ್ಜಿ ನಡುಮನೆಯ ಟ್ರಂಕಿನಲ್ಲಿ ಅಪ್ಪನ ಮದುವೆಯ ಪಂಚೆಯ ಕೆಳಗಿತ್ತು. ಜಗಲಿಯ ಬೆಂಚಿನ ಮೇಲೆ ಈಗ ಅರ್ಜಿದಾರರ ಬದಲು ಮತದಾರರ ಪಟ್ಟಿ ಹಿಡಿದವರು ಕೂರುತ್ತಿದ್ದರು.

ಮೊದಲು ಅಪ್ಪನಿಗೆ ಅನುಮಾನದ ಸ್ವಭಾವ ಇರಲಿಲ್ಲ. ಅದನ್ನು ಪೂರ್ತಿ ಅಮ್ಮನಿಗೇ ಬಿಟ್ಟುಕೊಟ್ಟಿದ್ದರು. ಚುನಾವಣೆಗೆ ನಿಂತ ಮೇಲೆ ಅವರೂ ಬದಲಾದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವಂತೆ, ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಅಮ್ಮನ ಅನುಮಾನ ಮಾತಿನ ಮೇಲೆ ಇರುತ್ತಿತ್ತು, ಅಪ್ಪನದು ಮನುಷ್ಯರ ಮೇಲೆ. ಇವೆರಡೂ ಬೇರೆ ಬೇರೆ ಎಂದು ನನಗೆ ತಿಳಿಯುವಾಗ ತಲೆ ನರೆತಿತ್ತು. ಪುಟ್ಟಸ್ವಾಮಿಯವರ ಮನೆ ನನ್ನ ಶಾಲೆಯ ದಾರಿಯಲ್ಲಿತ್ತು. ಅಲ್ಲಿಗೆ ನಮ್ಮ ಬೀದಿಯವರು ಯಾರು ಯಾರು ಹೋಗುತ್ತಾರೆ ನೋಡಿಕೊಂಡು ಬಾ ಎಂದು ಅಪ್ಪ ನನಗೆ ಗುಟ್ಟಾಗಿ ಹೇಳಿದರು. ಅಮ್ಮನಿಗೆ ಹೇಳಬೇಡ ಎಂದೂ ಸೇರಿಸಿದರು. ಅಪ್ಪ ನನ್ನನ್ನು ದೊಡ್ಡವಳಂತೆ ಕಂಡದ್ದು ಅದೇ ಮೊದಲು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನಾಲ್ಕು ದಿನ ಯಾರೂ ಕಾಣಲಿಲ್ಲ. ಬರಿಗೈಯಲ್ಲಿ ಹೋಗಿ ಅಪ್ಪನ ಮುಂದೆ ನಿಲ್ಲುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಐದನೆಯ ದಿನ ಬಾಷಾ ಮಾಮ ಪುಟ್ಟಸ್ವಾಮಿಯವರ ಗೇಟಿನಿಂದ ಹೊರಗೆ ಬಂದರು, ಒಂದು ಹಳೆಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಸೈಕಲ್ ಹತ್ತಿ ಹೋದರು. ನಾನು ನೋಡಿದ್ದು ಇಷ್ಟೇ. ಮನೆಗೆ ಬಂದು ಅಪ್ಪನಿಗೆ ಹೇಳುವಾಗ ಅದು ಬೆಳೆಯಿತು. ಮಾಮ ಒಳಗೆ ಅರ್ಧ ಗಂಟೆ ಇದ್ದರು ಎಂದೆ. ಪುಟ್ಟಸ್ವಾಮಿ ಅವರ ಹೆಗಲ ಮೇಲೆ ಕೈ ಹಾಕಿಕೊಂಡು ಬಾಗಿಲವರೆಗೂ ಬಂದರು ಎಂದೆ. ಇಬ್ಬರೂ ನಗುತ್ತಿದ್ದರು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅದೆಲ್ಲ ಕಣ್ಣಿಗೆ ಕಟ್ಟಿತು. ನೋಡಿದ್ದೋ, ಕೇಳಿದ್ದೋ, ಅಂದುಕೊಂಡದ್ದೋ ಎಂದು ಅಪ್ಪ ಕೇಳಲಿಲ್ಲ. ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡದ್ದುಂಟು. ಈಗ ಅದರ ಮೇಲೂ ನನಗೆ ನಂಬಿಕೆ ಇಲ್ಲ.

ಅಪ್ಪ ಒಂಬತ್ತು ವೋಟಿನಲ್ಲಿ ಸೋತರು. ಬಾಷಾ ಮಾಮನ ಮನೆಯಲ್ಲಿ ಐದು ವೋಟು. ಐದು ಈ ಕಡೆಯಿಂದ ಆ ಕಡೆಗೆ ಹೋದರೆ ಹತ್ತರ ಅಂತರ ಎಂದು ಅಪ್ಪ ಜಗಲಿಯ ಬೆಂಚಿನ ಮೇಲೆ ಕೂತು ಎರಡೆರಡು ಸಲ ಕೂಡಿ ಕಳೆದರು. ಆಮೇಲೆ ಎದ್ದು ಮಾಮನ ಅಂಗಡಿಯ ಮುಂದೆ ಹೋಗಿ ನಿಂತರು. ನಾನು ಅವರ ಹಿಂದೆ, ಅಮ್ಮ ನಮ್ಮ ಬಾಗಿಲಲ್ಲಿ. ಅಪ್ಪ ಕೂಗಾಡಲಿಲ್ಲ.

"ಬಾಷಾ ಭಾಯ್, ಮುಂಚೇನೇ ಒಂದು ಮಾತು ಹೇಳಿದ್ರೆ ಸಾಕಿತ್ತು. ನಿಮ್ಮನೆ ಐದು ವೋಟು ನಾನು ನಂದು ಅಂತ ಹಿಡ್ಕೊಳ್ತಾನೇ ಇರಲಿಲ್ಲ. ಪುಟ್ಟಸ್ವಾಮಿ ಮನೇಲಿ ಕೂತು ನಗೋ ಅಷ್ಟು ಹಗುರ ಆದ್ನಾ ನಾನು?"

ಮಾಮ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟರು. ಅಪ್ಪನನ್ನು ನೋಡಿದರು, ಆಮೇಲೆ ಅಪ್ಪನ ಹೆಗಲಿನ ಮೇಲಿಂದ ನಮ್ಮ ಬಾಗಿಲ ಕಡೆ ನೋಡಿದರು.

"ಆಯ್ತು ನಂಜಪ್ಪಣ್ಣ. ನೀವು ಏನು ತಿಳ್ಕೊಂಡಿದ್ದೀರೋ ಹಾಗೇ ಇರ್ಲಿ."

ಅಲ್ಲ ಎನ್ನಲಿಲ್ಲವಲ್ಲ, ಹಾಗಾದರೆ ನಾನು ಹೇಳಿದ್ದು ನಿಜವೇ ಇರಬೇಕು ಎಂದು ನನಗೆ ಎದೆ ಹಗುರಾಯಿತು. ಮೌನವನ್ನು ಒಪ್ಪಿಗೆ ಎಂದು ತಿಳಿಯಬಾರದು ಎಂದು ಆಮೇಲೆ ಎಷ್ಟೋ ನ್ಯಾಯಾಧೀಶರ ಮುಂದೆ ಗಂಟಲು ಹರಿದುಕೊಂಡಿದ್ದೇನೆ. ಆ ಭಾನುವಾರ ಅಪ್ಪ ಗಾರೆ ಕಲಸಿ, ಹಿತ್ತಲ ಗೋಡೆಯ ಕಿಂಡಿಗೆ ತಮ್ಮ ಕೈಯಾರೆ ಎರಡು ಇಟ್ಟಿಗೆ ಕೂರಿಸಿದರು. ಮಾಮನ ಮನೆಯ ಒಂದು ಸ್ಟೀಲಿನ ಪಾತ್ರೆ ನಮ್ಮಲ್ಲೇ ಉಳಿಯಿತು. ಅಮ್ಮ ಅದನ್ನು ತೊಳೆದು ಮೇಲಿನ ಹಲಗೆಯ ಮೇಲೆ ಕವುಚಿ ಇಟ್ಟಳು, ಬಳಸಲಿಲ್ಲ, ವಾಪಸು ಕೊಡಲೂ ಹೋಗಲಿಲ್ಲ. ಅಮ್ಮನದು ಏನು ಕಲ್ಲು ಮನಸ್ಸು ಎಂದು ನನಗನ್ನಿಸಿತ್ತು.

ಸೆಲ್ವಿಯ ಅರ್ಜಿಯನ್ನು ಟ್ರಂಕಿನಿಂದ ತೆಗೆದು, ಅವಳನ್ನೂ ನನ್ನನ್ನೂ ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದವಳು ಅಮ್ಮನೇ. ಅಪ್ಪ ತಡೆಯಲಿಲ್ಲ, ಜೊತೆಗೂ ಬರಲಿಲ್ಲ. ಕಚೇರಿಯಲ್ಲಿ ಸೀಲು ಬಿತ್ತು. ಆದರೆ ಅಷ್ಟರಲ್ಲಿ ಡಬ್ಬ ತಂದುಕೊಟ್ಟಿದ್ದ ಕೆಲಸಗಾರನನ್ನು ಗುತ್ತಿಗೆದಾರ ಬೇರೆ ಯಾವುದೋ ಊರಿನ ಕೆಲಸಕ್ಕೆ ಸಾಗಿಸಿಬಿಟ್ಟಿದ್ದ. ಹೆಸರಿತ್ತು, ಮನುಷ್ಯ ಇರಲಿಲ್ಲ. ಮೂರು ಸಲ ಓಡಾಡಿದ ಮೇಲೆ ಸೆಲ್ವಿ ಓಣಿಯ ಬಾಗಿಲಲ್ಲಿ ನಿಂತು, ನಾನು ಊರಿಗೆ ಹೋಗ್ತೀನಿ ಅಕ್ಕಾ ಎಂದು ಹೇಳಿ ಹೋದಳು. ಅಪ್ಪ ಮತ್ತೆ ಬೆಂಚಿನ ಮೇಲೆ ಕೂರಲಿಲ್ಲ. ಅವರು ಮತ್ತು ಬಾಷಾ ಮಾಮ ಒಂದೇ ಗೋಡೆಯ ಈ ಕಡೆ ಆ ಕಡೆ ಇದ್ದುಕೊಂಡೇ, ಅಪ್ಪ ಸಾಯುವವರೆಗೂ ಮಾತಾಡಲಿಲ್ಲ. ಅಪ್ಪನ ಮಣ್ಣಿಗೆ ಮಾಮ ಬಂದಿದ್ದರು. ದೂರದಲ್ಲಿ ನಿಂತು, ಎಲ್ಲ ಮುಗಿದ ಮೇಲೆ ಹೋದರು.

ಮಾಮ ಪುಟ್ಟಸ್ವಾಮಿಗೇ ವೋಟು ಹಾಕಿಸಿದ್ದರು ಎಂದು ನಂಬಿಕೊಂಡೇ ನಾನು ವಕೀಲಳಾದೆ. ಕೋರ್ಟಿನಲ್ಲಿ ಗೆದ್ದ ಆದೇಶಗಳು ಕಚೇರಿಗಳಲ್ಲಿ ಧೂಳು ಹಿಡಿಯುವುದನ್ನು ನೋಡಿ ನೋಡಿ ಸಾಕಾಗಿ, ಮೊನ್ನೆ ಮೊನ್ನೆ ಒಂದು ಪಕ್ಷದವರು ಭದ್ರಾವತಿಯಿಂದ ವಿಧಾನಸಭೆಗೆ ನಿಲ್ಲಿ ಎಂದಾಗ ಒಪ್ಪಿಕೊಂಡೆ. ಹೋರಾಟದ ಗೆಳೆಯರಲ್ಲಿ ಕೆಲವರು ಮಾತು ಬಿಟ್ಟರು. ಶಿವಮೊಗ್ಗದ ವಿದ್ಯಾನಗರದ ನನ್ನ ಮನೆಯಲ್ಲಿ ಅಮ್ಮ ನನ್ನ ಜೊತೆಯೇ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ಮಂದ, ಕಣ್ಣು ಚುರುಕು. ನಾಮಪತ್ರ ಸಲ್ಲಿಸಿ ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಿಗೆ ವಿಷಯ ಹೇಳಿದೆ. ಅವಳು ಅಕ್ಕಿ ರೊಟ್ಟಿಯನ್ನು ಚೂರು ಚೂರು ಮಾಡುತ್ತಾ ಕೂತಳು, ತಿನ್ನಲಿಲ್ಲ.

"ನಿಮ್ಮಪ್ಪಂಗೆ ಅವತ್ತು ನಾನು ವೋಟು ಹಾಕಲಿಲ್ಲ."

ಅವಳು ಮುಂದುವರಿಸಿದಳು. ಹಿತ್ತಲಿಗೆ ಬರುತ್ತಿದ್ದ ಆರೇಳು ಹೆಂಗಸರಿಗೂ, ಸೆಲ್ವಿಯ ಅರ್ಜಿ ಟ್ರಂಕಿನಲ್ಲಿದೆ, ಇನ್ನು ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿ ಎಂದು ತಾನೇ ಹೇಳಿದ್ದಳಂತೆ. ಅವರಲ್ಲಿ ಬಾಷಾ ಮಾಮನ ಹೆಂಡತಿಯೂ ಒಬ್ಬರು. ಅವರು ಹೋಗಿ ಗಂಡನಿಗೆ ಹೇಳಿದ್ದರು. ಆದರೂ ನಂಜಪ್ಪಣ್ಣನಿಗೆ ಕೊಟ್ಟ ಮಾತು ಮಾತೇ ಎಂದು ಮಾಮ ಮನೆಯ ಐದೂ ವೋಟನ್ನು ಅಪ್ಪನಿಗೇ ಹಾಕಿಸಿದ್ದರು.

"ಅಪ್ಪಂಗೆ ನೀನು ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಬಾಷಾ ಅಣ್ಣನ ಬದ್ಲು ನನ್ನ ಜೊತೆ ಮಾತು ಬಿಡೋರು. ನೀನು ಸಣ್ಣೋಳು, ನಾನು ಎಲ್ಲಿಗೆ ಹೋಗ್ಲಿ? ಅಷ್ಟೊತ್ತಿಗೆ ನೀನು ನೋಡ್ದೆ ಅಂತ ಹೇಳಿಬಿಟ್ಟಿದ್ದೆ. ಸುಳ್ಳು ಅಂತ ನಂಗೆ ಆವಾಗ್ಲೇ ಗೊತ್ತಿತ್ತು ಮಾರಾಯ್ತಿ. ನಾನೂ ಸುಮ್ನಿದ್ದೆ. ನಂಗೆ ಅದು ಅನುಕೂಲ ಆಯ್ತು."

ಜೀವಮಾನದಲ್ಲಿ ನನ್ನ ಮಾತನ್ನು ಒಮ್ಮೆಯೂ ಪರೀಕ್ಷೆ ಮಾಡದೆ ಬಿಡದವಳು ಆ ಒಂದು ಮಾತನ್ನು ಮಾತ್ರ ಬಿಟ್ಟಿದ್ದಳು. ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅವಳು ಸುಮ್ಮನಿದ್ದದ್ದು ಒಂದು ಕಡೆ, ಆ ಸುಳ್ಳನ್ನು ಹುಟ್ಟಿಸಿದವಳು ನಾನು. ಮಾರನೆಯ ದಿನವೇ ಓಲ್ಡ್ ಟೌನಿಗೆ ಹೊರಟೆ. ನಾಮಪತ್ರ ಸಲ್ಲಿಸಿ ಆಗಿತ್ತು, ಒಬ್ಬಳೇ ಓಡಾಡುವುದು ಬೇಡ ಎಂದು ಪಕ್ಷದ ಸ್ಥಳೀಯ ಮುಖಂಡರೊಬ್ಬರು ಕಾರಿನಲ್ಲಿ ಜೊತೆಗೆ ಬಂದರು. ಐವತ್ತು ದಾಟಿದ, ತೂಕದ ಮನುಷ್ಯ. ಇದು ನನ್ನ ಸ್ವಂತ ವಿಷಯ, ನೀವು ಇಳಿಯಬೇಡಿ ಎಂದು ಅವರಿಗೆ ಹೇಳಿದೆ. ಆಗಲಿ ಮೇಡಂ ಎಂದು ಕಾರಿನಲ್ಲೇ ಕೂತರು.

ಬಾಷಾ ಮಾಮ ಅಂಗಡಿಯ ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಲಸ ಈಗ ಮಗನದು. ಬೆರಳುಗಳು ಬಾಗಿ ಹೋಗಿದ್ದವು, ಗುರುತು ಮಾತ್ರ ತಕ್ಷಣ ಹಿಡಿದರು. ನಾನು ಸುತ್ತಿ ಬಳಸಿ ಹೇಳಲಿಲ್ಲ. ಅವತ್ತು ನೀವು ಗೇಟಿನಿಂದ ಹೊರಗೆ ಬಂದದ್ದನ್ನು ಮಾತ್ರ ನೋಡಿದ್ದೆ, ಉಳಿದದ್ದೆಲ್ಲ ನಾನು ಕಟ್ಟಿದ್ದು ಎಂದೆ. ಅವರು ತಲೆಯಾಡಿಸಿದರು, ಪುಟ್ಟಸ್ವಾಮಿಯವರ ಬಾವಿಯ ಪಂಪು ಸುಟ್ಟುಹೋಗಿತ್ತು, ಬಿಚ್ಚಿ ನೋಡಲು ಹೋಗಿದ್ದೆ ಎಂದರು. ಅಷ್ಟನ್ನು ಅಪ್ಪನಿಗೆ ಹೇಳಬಾರದಿತ್ತೇ ಎಂದು ಕೇಳಿದೆ.

"ನಾನಲ್ಲ ಅಂದಿದ್ರೆ ಮತ್ಯಾರು ಅಂತ ಹುಡುಕ್ತಿದ್ರು ಬೇಟಿ. ಹುಡುಕ್ತಾ ಹುಡುಕ್ತಾ ನಿಮ್ಮನೆ ಒಳಗೇ ಬರ್ತಿದ್ರು. ಆಯಮ್ಮ ಬಾಗಿಲಲ್ಲಿ ನಿಂತಿದ್ರು. ಮುಖ ನೋಡಿದೆ, ಸಾಕು ಬಿಡು ಅನ್ನಿಸ್ತು."

ನನ್ನ ಕಣ್ಣಲ್ಲಿ ನೀರು ಬಂತು. ಅವರು ಬೀದಿಯ ಆಚೆ ನಿಂತಿದ್ದ ಕಾರನ್ನೂ ಅದರ ಮುಂದಿನ ಬಾವುಟವನ್ನೂ ನೋಡಿದರು.

"ಶಿವಮೊಗ್ಗ ಎಷ್ಟು ದೂರ? ಇಷ್ಟು ವರ್ಷ ಬರದೇ ಇದ್ದೋಳು ಎಲೆಕ್ಷನ್ ಟೈಮಲ್ಲಿ ಬಂದಿದ್ದೀಯ."

ಅಮ್ಮ ಹೇಳಿದ್ದೇ ನಿನ್ನೆ ಎಂದೆ. ವೋಟು ಕೇಳುವುದಕ್ಕೆ ಬಂದಿಲ್ಲ ಎಂದೆ. ಎರಡೂ ನಿಜ. ಆದರೆ ನನ್ನ ಮಾತು ನನಗೇ ಸಾಕ್ಷಿಯ ಕಟಕಟೆಯಿಂದ ಬಂದಂತೆ ಕೇಳಿಸಿತು. ಅವರು ನನ್ನನ್ನು ಬೈಯಲಿಲ್ಲ, ಒಳಗೆ ಕರೆದು ಚಹಾ ಕೊಡಿಸಿದರು, ಅಮ್ಮನ ಆರೋಗ್ಯ ಕೇಳಿದರು. ಹೊರಡುವಾಗ ಬಾಗಿಲವರೆಗೆ ಬಂದು ತಲೆಯ ಮೇಲೆ ಕೈ ಇಟ್ಟರು. ನಾನು ಬಗ್ಗಿದ್ದೆ.

ಕಾರು ಶಿವಮೊಗ್ಗ ಮುಟ್ಟುವ ಮೊದಲೇ ಆ ಫೋಟೊ ನನ್ನ ಫೋನಿಗೆ ಬಂತು, ಯಾರೋ ಗೆಳತಿ ಮೆಚ್ಚಿಕೊಂಡು ಕಳಿಸಿದ್ದು. ಕಾರಿನೊಳಗಿಂದ ತೆಗೆದದ್ದು. ಮಾಮನ ಕೈ ನನ್ನ ತಲೆಯ ಮೇಲಿದೆ, ಒದ್ದೆಯಾದ ನನ್ನ ಕಣ್ಣು ಸ್ಪಷ್ಟವಾಗಿ ಕಾಣುತ್ತದೆ. ಕೆಳಗೆ ಪಕ್ಷದ ಗುರುತು, ಮೇಲೆ, ನೆರೆಮನೆಯ ಹಿರಿಯ ಜೀವದ ಆಶೀರ್ವಾದ ಎಂಬ ಸಾಲು. ಪಕ್ಕದಲ್ಲೇ ಕೂತಿದ್ದ ಮುಖಂಡರು ಸಂತೋಷವಾಗಿಯೇ ಒಪ್ಪಿಕೊಂಡರು. ಓಲ್ಡ್ ಟೌನಿನಲ್ಲಿ ನಾವು ಹಿಂದಿದ್ದೇವೆ ಮೇಡಂ, ಇದೊಂದು ಸಾಕು ಎಂದರು. ತಕ್ಷಣ ತೆಗೆಯಿರಿ ಎಂದೆ. ಎಲ್ಲ ಗ್ರೂಪಿಗೂ ಹೋಗಿಯಾಗಿದೆ ಎಂದರು. ಮನೆಗೆ ಬಂದು ನಾನೇ ಫೋನಿನಲ್ಲಿ ಮೂರು ಸಾಲಿನ ಹೇಳಿಕೆ ಬರೆದೆ. ಆ ಹಿರಿಯರು ಯಾರಿಗೂ ಬೆಂಬಲ ಕೊಟ್ಟಿಲ್ಲ, ನಾನು ಬಾಲ್ಯದಲ್ಲಿ ಅವರ ಮೇಲೆ ಹೇಳಿದ ಒಂದು ಸುಳ್ಳಿಗೆ ಕ್ಷಮೆ ಕೇಳಲು ಹೋಗಿದ್ದೆ, ಫೋಟೊವನ್ನು ನನ್ನ ಒಪ್ಪಿಗೆ ಇಲ್ಲದೆ ಹಾಕಲಾಗಿದೆ. ಮೂರೇ ಸಾಲು. ಓದಿ ನೋಡಿ ಒಂದು ಪದ ತಿದ್ದಿದೆ. ಸುಳ್ಳು ಎಂಬ ಪದವನ್ನು ಎದುರಿನವರು ಏನೇನಕ್ಕೆ ಬಳಸಿಕೊಳ್ಳಬಹುದು ಎಂದು ಯೋಚಿಸಿದೆ. ಬೆಳಿಗ್ಗೆ ನೋಡೋಣ ಎಂದುಕೊಂಡೆ.

ಎರಡು ದಿನ ಬಿಟ್ಟು ಮಾಮನ ಮಗ ಫೋನು ಮಾಡಿದ. ಅಂಗಡಿಯ ಹತ್ತಿರ ಬೇರೆ ಪಕ್ಷದವರು ಬಂದು, ನೀವು ಯಾವ ಕಡೆ ಎಂದು ಅವನ ತಂದೆಯನ್ನು ಜೋರಾಗಿಯೇ ಕೇಳಿದರಂತೆ. ನಾನು ಹೇಳಿಕೆ ಕೊಡುತ್ತೇನೆ, ಈಗಲೇ ಕೊಡುತ್ತೇನೆ ಎಂದೆ. ಅವನು ತಡೆದ.

"ಬೇಡ ಮೇಡಂ. ಅಬ್ಬಾ ಆಗ್ಲೇ ಬಂದೋರಿಗೆ ಹೇಳಿ ಕಳಿಸಿದ್ರು. ಹೌದು, ನಾನೇ ಕರೆಸಿ ಆಶೀರ್ವಾದ ಮಾಡ್ದೆ, ಏನಿವಾಗ ಅಂದ್ರು. ಅವಳು ನಂಜಪ್ಪಣ್ಣನ ಮಗಳು, ಅವಳಿಗೆ ತೊಂದರೆ ಆಗೋದು ಬೇಡ ಅಂತ ನಮಗೂ ಹೇಳಿದ್ದಾರೆ."

ಓಲ್ಡ್ ಟೌನಿನ ಬೂತುಗಳಲ್ಲಿ ನನಗೆ ಎಲ್ಲರೂ ಅಂದುಕೊಂಡದ್ದಕ್ಕಿಂತ ಹೆಚ್ಚು ವೋಟು ಬಿತ್ತು. ಆ ಮೂರು ಸಾಲು ಇನ್ನೂ ನನ್ನ ಫೋನಿನಲ್ಲೇ ಇವೆ.